ಬೇರುಗಳೇ ಜರಡಿ

ಹೈದರಾಬಾದಿನ ಮಣಿಕೊಂಡದ ಪಕ್ಕದಲ್ಲಿದೆ ನೆಕ್ನಾಂಪುರ ಕೆರೆ. ಊರ ಕೊಳಚೆಯನ್ನೆಲ್ಲ ಕುಡಿದು, ಅಂತರಗಂಗೆ ಹೊದ್ದು ಮಲಗಿದ್ದ ಈ ನೀರಿಗೆ ಸ್ವಯಂಸೇವಕರು ಸುಮಾರು 3,000 ಚದರಡಿಯ ತೇಲುವ ತೋಟ ಕಟ್ಟಿದರು. 2018ರ ಫೆಬ್ರವರಿ 2, ವಿಶ್ವ ಜೌಗುಭೂಮಿ ದಿನದಂದು ಅದು ನೀರಿಗಿಳಿಯಿತು.

ಅದರ ಕಟ್ಟುಗಾರಿಕೆ ನೋಡಬೇಕು: ತೇಲಲು ಥರ್ಮೋಕೋಲ್, ಬಿದಿರು, ಅದರ ಮೇಲೆ ಗೋಣಿತಾಟು, ಜಲ್ಲಿ. ಮಣ್ಣಿನ ಹಂಗೇ ಇಲ್ಲ. ಲಾವಂಚ, ಜೊಂಡು, ಕ್ಯಾನಾ ಗಿಡಗಳ ಬೇರು ನೇರ ನೀರಿಗೆ ಇಳಿಬಿದ್ದು, ಕೊಳಚೆಯ ನೈಟ್ರೇಟನ್ನೇ ಗೊಬ್ಬರವಾಗಿ ಹೀರುತ್ತವೆ. ಬೇರಿಗಂಟಿದ ಸೂಕ್ಷ್ಮಜೀವಿಗಳು ಉಳಿದ ಕಲ್ಮಷವನ್ನು ಕರಗಿಸುತ್ತವೆ. ಕರೆಂಟು ಬೇಡ, ಮೋಟಾರು ಬೇಡ.

ಆದರೆ ಕೈ ಬೇಕು. ಒಣಗಿದ್ದನ್ನು ಕೀಳಬೇಕು, ಸಿಕ್ಕಿಕೊಂಡ ಪ್ಲಾಸ್ಟಿಕ್ ಆಯಬೇಕು, ಹೊಸ ಸಸಿ ನೆಡಬೇಕು. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ಬಿಡದ ಚಾಕರಿಯೇ. ಕೆರೆ ಕಟ್ಟಿಸಿದವರಿಗೆ ಕಲ್ಲಿನ ಶಾಸನಗಳಿವೆ. ಕೆರೆ ತೊಳೆಯುವವರಿಗೆ ಈ ಬೇರುಗಳು.