ಹಂಪಿಯ ಫಲಕಗಳಲ್ಲಿ ಊರಿನವರೆಲ್ಲಿ?

ಹಂಪಿಗೆ ಹೋದಾಗ ಸ್ಮಾರಕಗಳ ಮುಂದಿರುವ ನೀಲಿ ಫಲಕವನ್ನು ಗಮನಿಸಿ. 1958ರ ಕಾಯಿದೆಯಂತೆ ಸ್ಮಾರಕಕ್ಕೆ ಹಾನಿ ಮಾಡುವುದು ಅಪರಾಧ ಎಂಬ ಎಚ್ಚರಿಕೆ ಅದರಲ್ಲಿರುತ್ತದೆ. 2010ರ ತಿದ್ದುಪಡಿಯಂತೆ ಶಿಕ್ಷೆ ಎರಡು ವರ್ಷಗಳ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳ ದಂಡದವರೆಗೆ, ಇಲ್ಲವೇ ಎರಡೂ ಆಗಬಹುದು. ಊರಿನವರಿಗೆ ತಮ್ಮದೇ ಊರಿನ ಸ್ಮಾರಕ ಹೇಳುವ ಮೊದಲ ಮಾತು ಇದು!

ಕಾಯಿದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಿಗೆ ಗೋಡೆ ಕಟ್ಟಿ ಮನೆ, ಅಂಗಡಿ ಮಾಡಿಕೊಂಡದ್ದರಿಂದ ಅವುಗಳ ಮೂಲ ರಚನೆಗೆ ಧಕ್ಕೆಯಾಗಿದ್ದುದು ನಿಜ. ಆದರೆ 2011ರ ಜುಲೈ ತಿಂಗಳಲ್ಲಿ ತೆರವು ಕಾರ್ಯ ನಡೆದಾಗ, ಪುನರ್ವಸತಿ ಸಿದ್ಧವಾಗುವ ಮೊದಲೇ ಹಲವು ಕುಟುಂಬಗಳು ನೆಲೆ ಕಳೆದುಕೊಂಡವು. ಆ ಬೀದಿ ವಿಜಯನಗರದ ಕಾಲದಲ್ಲೂ ಪೇಟೆಯೇ ಆಗಿತ್ತು. ಈಗ ಅಲ್ಲಿ ಕಂಬಗಳಿವೆ, ಪೇಟೆಯಿಲ್ಲ. ಇದನ್ನು ಸಂರಕ್ಷಣೆ ಎಂದು ಪೂರ್ತಿಯಾಗಿ ಒಪ್ಪಬಹುದೇ?

ಇದಕ್ಕೆ ಹೋಲಿಸಿ ತುರ್ತಾ ಕಾಲುವೆಯನ್ನು ನೋಡಿ. ವಿಜಯನಗರದ ಕಾಲದ ಈ ಕಾಲುವೆ ಇಂದಿಗೂ ತುಂಗಭದ್ರೆಯ ನೀರನ್ನು ಬಾಳೆ ತೋಟಗಳಿಗೆ, ಗದ್ದೆಗಳಿಗೆ ಹರಿಸುತ್ತಿದೆ. ಕಾಲುವೆಯ ಗುಣವೇ ಹಾಗೆ: ಬಳಸಿದರೆ ಉಳಿಯುತ್ತದೆ, ಬಿಟ್ಟರೆ ಹೂಳು ತುಂಬಿ, ಕಳೆ ಬೆಳೆದು, ದಂಡೆ ಒಡೆಯುತ್ತದೆ. ಅದನ್ನು ಜೀವಂತವಾಗಿ ಉಳಿಸಿರುವುದು ಬೇಲಿಯಲ್ಲ, ಬೇಸಾಯ. ಆದರೂ ಪ್ರವಾಸಿಗರಿಗೆ ನಾವು ತೋರಿಸುವುದು ಕಲ್ಲಿನ ರಥವನ್ನು, ಕಮಲ ಮಹಲನ್ನು, ಹರಿಯುವ ನೀರನ್ನಲ್ಲ.

ವಿಶ್ವ ಪರಂಪರೆಯ ಪಟ್ಟಿಗೆ ಹಂಪಿ ಸೇರಿದ್ದು 1986ರಲ್ಲಿ. ಇಷ್ಟು ವರ್ಷಗಳಾದರೂ ಊರಿನವರನ್ನು 'ಒತ್ತುವರಿದಾರ' ಅಥವಾ 'ಕೂಲಿಯಾಳು' ಎಂದಷ್ಟೇ ನೋಡುವ ದೃಷ್ಟಿ ಪೂರ್ತಿ ಹೋಗಿಲ್ಲ. ಇದು ಅನ್ಯಾಯ ಮಾತ್ರವಲ್ಲ, ತಾಂತ್ರಿಕವಾಗಿಯೂ ತಪ್ಪು. ಮಂಟಪದ ಚಾವಣಿಯಲ್ಲಿ ಹೊಸದಾಗಿ ನೀರು ಸೋರಿದರೆ, ಕಲ್ಲುಗಳ ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟರೆ ಮೊದಲು ಕಾಣುವುದು ದಿನವೂ ಆ ದಾರಿಯಲ್ಲಿ ಓಡಾಡುವವರಿಗೆ. ಸಸಿಯನ್ನು ಚಿಕ್ಕದಿದ್ದಾಗಲೇ ಕಿತ್ತರೆ ಖರ್ಚು ಅಲ್ಪ. ಬೇರು ಕಲ್ಲನ್ನು ಸರಿಸಿದ ಮೇಲೆ ಅಪಾರ.

ಆದ್ದರಿಂದ ಯೋಜನೆಯ ನಕ್ಷೆ ಸಿದ್ಧವಾಗುವ ಮೊದಲೇ ಗ್ರಾಮಸಭೆಯಲ್ಲಿ ಚರ್ಚೆ ನಡೆಯಲಿ. ಕಾಲುವೆಯ ಕಥೆಯನ್ನು ರೈತರೇ ಹೇಳುವ ಏರ್ಪಾಡಾಗಲಿ. ಫಲಕದಲ್ಲಿ ದಂಡದ ಮೊತ್ತದ ಜೊತೆಗೆ, ಈ ಪರಂಪರೆಯನ್ನು ಕಾಯ್ದುಕೊಂಡು ಬಂದವರ ಬಗ್ಗೆಯೂ ಒಂದು ಸಾಲಿರಲಿ. ಮುಂದಿನ ಬಾರಿ ಹಂಪಿಗೆ ಹೋದಾಗ ಆ ಸಾಲು ಇದೆಯೇ ಎಂದು ನೀವೂ ಹುಡುಕಿ, ಇಲ್ಲದಿದ್ದರೆ ಕೇಳಿ.