ಪುರಂದರದ ಅಂಜೂರ ಮತ್ತು ಫ್ರೆಂಚರ ‘ಅಪೆಲಾಸಿಯೋಂ’

ಫ್ರಾನ್ಸಿನಲ್ಲಿ ಚೀಸ್, ವೈನ್‌ಗಳನ್ನು ಊರಿನ ಹೆಸರಿನಲ್ಲಿ ಮಾರುವ ಹಕ್ಕನ್ನು ಕಾಯುವ ಮಾನ್ಯತೆಗೆ ‘ಅಪೆಲಾಸಿಯೋಂ ದೊರಿಜೀನ್ ಕಂತ್ರೋಲೆ’ ಎಂದು ಹೆಸರು. ಇದರ ಬೇರು ಹಳೆಯದು. ರೋಕ್‌ಫೋರ್ ಚೀಸನ್ನು ಮಾಗಿಸುವ ಹಕ್ಕನ್ನು 1411ರಲ್ಲಿ ಆರನೆಯ ಚಾರ್ಲ್ಸ್ ದೊರೆ ಆ ಊರಿನವರಿಗೇ ಬಿಟ್ಟುಕೊಟ್ಟಿದ್ದ. 1925ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಫಿಲಾಕ್ಸೆರಾ ಕೀಟ ದ್ರಾಕ್ಷಿತೋಟಗಳನ್ನು ಹಾಳುಗೆಡವಿದ ಮೇಲೆ ನಕಲಿ ವೈನಿನ ಹಾವಳಿ ಮಿತಿಮೀರಿತು. ಅದನ್ನು ತಡೆಯುವ ಹೋರಾಟದ ಫಲವಾಗಿ 1935ರಲ್ಲಿ ಈ ವ್ಯವಸ್ಥೆ ರೂಪುಗೊಂಡಿತು. ಅದರ ಬಿಗಿ ಸಣ್ಣದಲ್ಲ: ರೋಕ್‌ಫೋರ್ ಎನಿಸಿಕೊಳ್ಳಲು ಲಕೋನ್ ತಳಿಯ ಕುರಿಯ ಹಸಿ ಹಾಲೇ ಆಗಬೇಕು, ಕೊಂಬಾಲು ಬೆಟ್ಟದ ಗುಹೆಗಳಲ್ಲಿ ಕನಿಷ್ಠ ಎರಡು ವಾರ ಇರಬೇಕು, ಒಟ್ಟು 90 ದಿನವಾದರೂ ಮಾಗಬೇಕು.

ಭಾರತದಲ್ಲಿ ಇದಕ್ಕೆ ಹತ್ತಿರದ್ದು 1999ರ ಭೌಗೋಳಿಕ ಸೂಚಕ ಕಾಯ್ದೆ, ಅಂದರೆ ಜಿಐ ಟ್ಯಾಗ್. ಪುಣೆ ಜಿಲ್ಲೆಯ ಸಾಸವಡ ಕೇಂದ್ರವಾಗಿರುವ ಪುರಂದರ ತಾಲ್ಲೂಕಿನ ಅಂಜೂರಕ್ಕೆ ಅದು 2016ರಲ್ಲಿ ದೊರೆಯಿತು. ದಿವೆ, ಸೋನೋರಿ ಮೊದಲಾದ ಹಳ್ಳಿಗಳ ಈ ಹಣ್ಣಿಗೆ ಎರಡು ಹಂಗಾಮು. ಮಳೆಗಾಲದ ‘ಖಟ್ಟಾ ಬಹಾರ್’ ಸಪ್ಪೆ. ಬೇಸಿಗೆಯ ‘ಮೀಠಾ ಬಹಾರ್’ ನಿಜವಾದ ಸಿಹಿ. ಎರಡಕ್ಕೂ ಹೆಸರು ಒಂದೇ ಎಂಬಲ್ಲೇ ತೊಡಕು ಶುರುವಾಗುತ್ತದೆ. ಗುಣಕ್ಕೆಂದು ಗಳಿಸಿದ ಹೆಸರು ಗುಣ ಕಡಿಮೆ ಇರುವ ಹಂಗಾಮಿಗೂ ಅಂಟಿಕೊಂಡರೆ ಗಿರಾಕಿ ಯಾವುದನ್ನು ನಂಬಬೇಕು?

ಅಂಜೂರ ಮರದಿಂದ ಇಳಿಸಿದ ಒಂದೆರಡು ದಿನಕ್ಕೇ ಮೆತ್ತಗಾಗಿ ಸೋರತೊಡಗುತ್ತದೆ. ಚೀಸಿನಂತೆ ತಿಂಗಳುಗಟ್ಟಲೆ ಕಾಯುವ ಮಾತಿಲ್ಲ. ಆದ್ದರಿಂದ ಹಣ್ಣನ್ನು ರಸವಾಗಿಸಿದ್ದು ಜಾಣತನವೇ ಸರಿ. ಪುರಂದರ ಹೈಲ್ಯಾಂಡ್ಸ್ ರೈತ ಉತ್ಪಾದಕ ಕಂಪನಿಯ ಅಂಜೂರದ ಜ್ಯೂಸ್ 2024ರ ಆಗಸ್ಟ್‌ನಲ್ಲಿ ಪೋಲೆಂಡಿಗೆ ರಫ್ತಾಯಿತು. ಬಾಟಲಿಯ ಮೇಲೆ ಊರಿನ ಹೆಸರು ಉಳಿಯುತ್ತದೆ, ಬಿಡಿ ಹಣ್ಣಿನ ಮೇಲೆ ಉಳಿಯುವುದಿಲ್ಲ.

ಈ ವಿಷಯದಲ್ಲಿ ಉಡುಪಿಯ ಮಟ್ಟು ಗುಳ್ಳದ ಬೆಳೆಗಾರರು ಒಂದು ಹೆಜ್ಜೆ ಮುಂದಿದ್ದಾರೆ. ಬೆರಕೆ ತಡೆಯಲು ಅವರು ಬದನೆಯ ಮೇಲೆಯೇ ಸ್ಟಿಕ್ಕರ್ ಅಂಟಿಸಿ ಪೇಟೆಗೆ ಕಳಿಸುತ್ತಾರೆ. ಫ್ರೆಂಚ್ ಬಿರುದಿನ ಕೊನೆಯ ಪದ ‘ಕಂತ್ರೋಲೆ’, ಅಂದರೆ ತಪಾಸಣೆಗೆ ಒಳಪಟ್ಟದ್ದು. ನಮ್ಮ ಜಿಐ ವ್ಯವಸ್ಥೆಯಲ್ಲಿ ಸೊರಗಿರುವುದು ಅದೇ ಭಾಗ: ನೋಂದಣಿಗೆ ತೋರುವ ಉತ್ಸಾಹ ಆಮೇಲಿನ ತಪಾಸಣೆಗೆ ಇಲ್ಲ. ಸಾಸವಡದ ಅಂಜೂರದ ಪೆಟ್ಟಿಗೆಗಳ ಮೇಲೆ ಹಳ್ಳಿ, ಬಹಾರ್, ಕೊಯ್ಲಿನ ದಿನ ಈ ಮೂರನ್ನೂ ನಮೂದಿಸುವುದು ಕಡ್ಡಾಯವಾಗಬೇಕು.