ಕಲ್ಪಿತ ಜನಾಂಗದ ನುಡಿ

ಕಲ್ಪಿತ ಜನಾಂಗವೊಂದಕ್ಕೆ ವೇಷಭೂಷಣಗಳನ್ನು ತೊಡಿಸುವುದು ಸುಲಭ. ನುಡಿಯನ್ನು ಕೊಡುವುದು ಕಠಿನ. ವಿಚಿತ್ರವಾದ ನಾಲ್ಕು ಶಬ್ದಗಳನ್ನು ಪೋಣಿಸಿದ ಮಾತ್ರಕ್ಕೆ ಭಾಷೆ ಹುಟ್ಟದು. ಅದಕ್ಕೊಂದು ಚರಿತ್ರೆ ಬೇಕು. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ ಇದನ್ನು ಬಲ್ಲವರು. ತಮ್ಮ ಭಾಷೆಗಳಿಗೊಂದು ಲೋಕ ಬೇಕೆಂದೇ ಕಥೆಗಳನ್ನು ಕಟ್ಟಿದುದಾಗಿ ಅವರು ಹೇಳಿಕೊಂಡಿದ್ದಾರೆ.

ಅವರು ಕಲ್ಪಿಸಿದ ಎಲ್ಫ್ ಜನರ ನುಡಿಗಳಲ್ಲಿ ಎರಡು ಮುಖ್ಯ: ಫಿನ್ನಿಷ್ ನಾದದ ಕ್ವೆನ್ಯಾ, ವೆಲ್ಷ್ ಛಾಯೆಯ ಸಿಂದರಿನ್. ಎರಡೂ ಒಂದೇ ಮೂಲದವು. ‘ಮಾತು’ ಎಂಬುದಕ್ಕೆ ಮೊದಲನೆಯದರಲ್ಲಿ ‘ಕ್ವೆತ್ತ’, ಎರಡನೆಯದರಲ್ಲಿ ‘ಪೆಥ್’. ಮೂಲದ ‘ಕ್ವ’ಕಾರವು ಸಿಂದರಿನ್‌ನಲ್ಲಿ ನಿಯಮಬದ್ಧವಾಗಿ ‘ಪ’ಕಾರವಾಗಿದೆ. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದುದನ್ನು ಬಲ್ಲ ವಾಚಕರಿಗೆ ಇಂತಹ ಮಾರ್ಪಾಡು ಹೊಸದಲ್ಲ.

ಲೇಖಕರ ಮರಣಾನಂತರ 1977ರಲ್ಲಿ ಪ್ರಕಟವಾದ ‘ದಿ ಸಿಲ್ಮರಿಲಿಯನ್’ನಲ್ಲಿ ಈ ನುಡಿಗಳ ಹಣೆಬರಹವೇ ಕಥಾವಸ್ತುವಾಗುತ್ತದೆ. ನೋಲ್ಡೋರ್ ಎಂಬ ಎಲ್ಫ್ ಪಂಗಡದವರು ಕಡಲು ದಾಟಿ ಬರುತ್ತಾರೆ. ತನ್ನ ಬಂಧುಗಳನ್ನು ಕೊಂದವರ ನುಡಿ ತನ್ನ ಕಿವಿಗೆ ಬೀಳಬಾರದೆಂದು ಅರಸ ಥಿಂಗೋಲ್ ಅವರ ಕ್ವೆನ್ಯಾವನ್ನು ನಿಷೇಧಿಸುತ್ತಾನೆ. ವಲಸಿಗರು ದಿನಬಳಕೆಗೆ ಸಿಂದರಿನ್ ಹಿಡಿಯುತ್ತಾರೆ. ಕ್ವೆನ್ಯಾ ಪಾಂಡಿತ್ಯದ ನುಡಿಯಾಗಿ ಉಳಿಯುತ್ತದೆ.

ಇಲ್ಲಿಯೇ ಈ ಸೃಷ್ಟಿಯ ಶಕ್ತಿಯೂ ಮಿತಿಯೂ ಕಾಣುತ್ತವೆ. ಟೋಲ್ಕಿನ್ನರ ನುಡಿಗಳಲ್ಲಿ ಕವಿತೆಯುಂಟು, ಪ್ರಾರ್ಥನೆಯುಂಟು. ಅಡುಗೆಮನೆಯ ಮಾತು, ಮಕ್ಕಳ ಜಗಳ ತೀರ ವಿರಳ. ಚರಿತ್ರೆಯನ್ನು ಒಬ್ಬ ವಿದ್ವಾಂಸನು ಕಲ್ಪಿಸಿಕೊಡಬಲ್ಲನು. ಆಡುವ ಬಾಯನ್ನು ಕೊಡಲಾರನು. ಪರನಾಡಿನಲ್ಲಿ ನೆಲೆಸಿದ ನಮಗೆ ಯಾವ ಅರಸನ ನಿಷೇಧವೂ ಇಲ್ಲ. ಆದರೂ ಕನ್ನಡವು ಸಭೆಯ ವೇದಿಕೆಯಲ್ಲಿ ಮಾತ್ರ ಉಳಿದು ಮನೆಯ ಜಗುಲಿಯಿಂದ ಇಳಿದುಹೋದರೆ, ಕ್ವೆನ್ಯಾದ ಗತಿಯೇ ಅದರದೂ ಆದೀತು.